ನಾನು ತಿರುಗಿಸಿ ನೋಡದ ಅಂಚು

“ಅಮ್ಮಾರೆ, ಈ ಫಾಲ್ ಕೈಹೊಲಿಗೆ ಐತ್ರಿ. ನಮ್ಮಲ್ಲಿ ಮಷೀನಿನಾಗ ಹಾಕ್ತೀವಿ,” ಎಂದು ದಾವಣಗೆರೆ ಮಂಡಿಪೇಟೆಯ ಸೀರೆ ಅಂಗಡಿಯ ಮಾರಾಟಗಾರ್ತಿ ಮೆಲ್ಲಗೆ ಹೇಳಿದಳು. ಮಡಿಕೆಗುಂಟ ಸೀಳಿದ್ದ ಹಸಿರು ರೇಷ್ಮೆ ಸೀರೆಯನ್ನು ಬದಲಿಸಿಕೊಳ್ಳಲು ನಾನು ಹರಿಹರದಿಂದ ಬಂದಿದ್ದೆ. ಸಂಶೋಧನೆಯಿಂದ ನಿವೃತ್ತಳಾದರೂ ದಾಖಲೆಯ ಮೇಲಿನ ನನ್ನ ವಿಶ್ವಾಸ ನಿವೃತ್ತವಾಗಿಲ್ಲ. ಬಿಲ್ಲನ್ನು ಮುಂದಿಟ್ಟು, ಕೊಂಡು ಐದೇ ದಿನವಾಗಿದೆ ಎಂದು ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿದೆ. ಮಾಲೀಕರು ಎದ್ದು ಬಂದು, ಎಲ್ಲರೆದುರು ಆಕೆಯನ್ನು ಗದರಿ, ನನಗೆ ಹೊಸ ಸೀರೆ ಕೊಟ್ಟು ಕಳುಹಿಸಿದರು.

ಮನೆಯಲ್ಲಿ ಕಪಾಟು ತೆರೆದಾಗ, ಐದು ದಿನದ ಹಿಂದೆ ಆ ಅಂಗಡಿಯಲ್ಲಿ ಕೊಂಡ ಸೀರೆ ಅಲ್ಲೇ ಇತ್ತು. ನಾನು ಒಯ್ದದ್ದು ತಂಗಿ ಎಂದೋ ಕೊಟ್ಟಿದ್ದ, ಅದೇ ಬಣ್ಣದ ಸೀರೆ. ಉಡದೆ ಮಡಿಸಿಟ್ಟಲ್ಲೇ ಅದು ಸೀಳಿತ್ತು.

ಮರುದಿನ ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಅಂಗಡಿಯ ಕೌಂಟರಿನಲ್ಲಿ ಆಕೆ ಇರಲಿಲ್ಲ.

“ಗಿರಾಕಿ ಜೊತಿ ವಾದ ಮಾಡ್ತಾಳಂತ ಮ್ಯಾಲೆ ಗೋಡೌನಿಗೆ ಹಾಕೀನ್ರಿ,” ಎಂದರು ಮಾಲೀಕರು.

ಹೊಸ ಸೀರೆಯನ್ನು ಹಿಂದಿರುಗಿಸಿ, ತಪ್ಪು ನನ್ನದೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಆಕೆಯನ್ನು ಕರೆಸಿ ಕ್ಷಮೆ ಕೇಳಿದೆ.

“ನಂಗೊತ್ತಿತ್ರಿ ಅಮ್ಮಾರೆ. ಆದ್ರ ಬಿಲ್ ನಿಮ್ಮ ಕೈಯಾಗಿತ್ತು,” ಎಂದಷ್ಟೇ ಹೇಳಿ ಆಕೆ ಮತ್ತೆ ಮೆಟ್ಟಿಲು ಹತ್ತಿದಳು. ಆಕೆಯನ್ನು ಕೌಂಟರಿಗೆ ಮರಳಿ ಕರೆಯುವಿರಾ ಎಂದು ಕೇಳಿದ್ದಕ್ಕೆ ಮಾಲೀಕರು “ನೋಡೋಣ್ರಿ” ಎಂದರು.

ಬಿಲ್ಲಿನ ದಿನಾಂಕವನ್ನು ನಾನು ಮೂರು ಬಾರಿ ಪರಿಶೀಲಿಸಿದ್ದೆ. ಸೀರೆಯ ಅಂಚನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಆ “ನೋಡೋಣ” ಏನಾಯಿತೆಂದು ತಿಳಿಯಲು ಮಂಡಿಪೇಟೆಗೆ ಮತ್ತೆ ಹೋಗುವ ಧೈರ್ಯ ನನಗಿನ್ನೂ ಬಂದಿಲ್ಲ.