ಲಾಭದ ಲಾರಿ, ತಂಗಿಯ ಕುಬುಸ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಕಂಪ್ಯೂಟರ್ ಕೆಲಸ ನನ್ನದು. ಹಿಂದಿನ ಸಂಜೆ ಅಲ್ಲಿನ ಡೇಟಾಬೇಸ್‌ಗೆ ಹೊಸ ಆವೃತ್ತಿ ಹಾಕಿ, ನನ್ನಂಥ ಜಾಣೆ ಇಲ್ಲ ಎಂದುಕೊಂಡು ಮಲಗಿದ್ದೆ. ಬೆಳಗಾಗುತ್ತಲೇ ಸಾವ್ಕಾರರ ಫೋನು: "ಕಂಪ್ಯೂಟರ್‌ನ್ಯಾಗ ಏನೂ ಬರವಲ್ದು ನೋಡ್ರಿ. ಲಾರಿ ಎಲ್ಲಾ ಹಂಗ ನಿಂತಾವ."

ಅದೇ ದಿನ ಯಲಬುರ್ಗಾದಲ್ಲಿ ನನ್ನ ತಂಗಿಯ ಕುಬುಸ, ಅಂದರೆ ಸೀಮಂತ. ಅವ್ವ ಇಲ್ಲ, ಬಸುರಿಗೆ ತವರಿನ ಹಸಿರು ಸೀರೆ ಉಡಿಸಬೇಕಾದವಳು ನಾನೇ. ಸೀರೆಯನ್ನು ಸ್ಕೂಟಿಯ ಡಿಕ್ಕಿಯಲ್ಲಿಟ್ಟುಕೊಂಡು, ಐದು ನಿಮಿಷದ ಕೆಲಸ ಎಂದು ಗಿರಣಿಗೆ ಹೋದೆ. ನಾನು ಒಳಗೆ ಕೂರುವುದರೊಳಗೆ ಲಾರಿಗಳು ಗೇಟಿಗೆ ಅಡ್ಡ ನಿಂತು, ಸ್ಕೂಟಿ ಸೀರೆಸಮೇತ ಮೂಲೆಯಲ್ಲಿ ಸಿಕ್ಕಿಬಿತ್ತು.

ತಪ್ಪು ಬೇಗ ಸಿಕ್ಕಿತು. ಲಾರಿಗಳ ಪಾಳಿಯನ್ನು ಅರೇ ಮಾಡಿ, ಅಂದರೆ ಅಂಕಿಗಳ ಒಂದು ಸಾಲು ಮಾಡಿ ಇಡುತ್ತಿದ್ದೆವು. ಆದರೆ ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಗುಮಾಸ್ತರು ಲಾರಿಗೂ ಹಾಗೇ ಟೈಪ್ ಮಾಡುತ್ತಿದ್ದರು: ಲಾಭ, 2, 3, 4. ಹಳೆಯ ಆವೃತ್ತಿ, ಪಾಪ, ನುಂಗಿಕೊಂಡು ಸುಮ್ಮನಿತ್ತು. ಹೊಸದು ಅಂಕಿಗಳ ನಡುವೆ ಅಕ್ಷರ ಕಂಡು ರಂಪ ಎಬ್ಬಿಸಿತ್ತು.

"ಸಾವ್ಕಾರ್ರ, ಲಾಭದ ಬದಲಿ ಒಂದು ಅಂತ ಬರಸ್ರಿ, ಮುಗೀತು."

"ಏ ಅಕ್ಕಾರ, ಮುಂಜಮುಂಜಾನೆ ಲಾಭ ಅಳಸ್ತೀರೇನು? ಬ್ಯಾರೆ ಏನಾರ ಮಾಡ್ರಿ."

ಮಾಡಿದೆ. ಇಡೀ ಅರೇಯನ್ನೇ ಅಂಕಿಯಿಂದ ಅಕ್ಷರಕ್ಕೆ ಬದಲಿಸಿದೆ. ಪಾಳಿ ಬಂತು, ಹಿಂದೆಯೇ ಹೊರಗೆ ಕೂಗಾಟವೂ ಬಂತು. ಅಕ್ಷರ ಅಂದಮೇಲೆ ನಿಘಂಟಿನ ಲೆಕ್ಕ ತಾನೆ? 1ರಿಂದ ಶುರುವಾಗುವ 10, 2ರ ಮುಂದೆ ಹೋಗಿ ನಿಂತಿತ್ತು. ಹತ್ತನೆಯ ಲಾರಿಯವನು ಹಾರ್ನ್ ಹೊಡೆಯುತ್ತ ನುಗ್ಗಿದ. ಎರಡನೆಯವನು ಅಡ್ಡ ಮಲಗಿಯೇಬಿಟ್ಟ: "ನಸುಕಿನ್ಯಾಗ ಬಂದು ನಿಂತೀನಿ, ಮೈಮ್ಯಾಲೆ ಹಾಯಿಸ್ಕೊಂಡು ಹೋಗು!" ಅಂಕಿಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ ‘ಲಾಭ’. ಅದನ್ನು ನೋಡಿದ ಸಾವ್ಕಾರರು ಎದೆ ಹಿಡಿದುಕೊಂಡು ಕೂತರು.

ನನಗೆ ನಗು, ಸಿಟ್ಟು, ಅಳು ಒಟ್ಟಿಗೇ. ಕೊನೆಗೆ ಒಳಗೆ ಗುಟ್ಟಾಗಿ ಒಂದು ಎಂದೇ ಇಟ್ಟು, ಪರದೆಯ ಮೇಲೆ ಮಾತ್ರ ಲಾಭ ಎಂದು ಕಾಣುವಂತೆ ಮಾಡಿದೆ. ಲಾರಿಗಳು ಒಂದೊಂದಾಗಿ ಸರಿದು ನನ್ನ ಸ್ಕೂಟಿ ಹೊರಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಸ್ಕೂಟಿಯನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು, ಸೀರೆಯೊಂದಿಗೆ ಬಸ್ಸು ಹಿಡಿದು ಯಲಬುರ್ಗಾ ಮುಟ್ಟಿದಾಗ, ಉಂಡವರು ಎಲೆ ಅಡಿಕೆ ಜಗಿಯುತ್ತ ಹೊರಡುತ್ತಿದ್ದರು. ಎಲ್ಲ ಮುಗಿಯಿತೆಂದುಕೊಂಡೆ. ಒಳಗೆ ನೋಡಿದರೆ ತಂಗಿ ಹಳೆಯ ಸೀರೆಯಲ್ಲೇ ಮಣೆಯ ಮೇಲೆ ಕೂತಿದ್ದಳು. ಅವಳ ಅತ್ತೆ ತಮ್ಮದೊಂದು ಸೀರೆ ಹಿಡಿದು ಎಷ್ಟು ಹೇಳಿದರೂ ಜಗ್ಗಿರಲಿಲ್ಲವಂತೆ. ತಡವಾದ ಕಾರಣ ಹೇಳಲು ಬಾಯಿ ತೆರೆದೆ.

"ಅದೆಲ್ಲಾ ಆಮ್ಯಾಲೆ," ಅಂದಳು. "ಲಗೂನ ಉಡಸಕ್ಕ. ನೀ ಬರೂತನಕ ಉಣ್ಣಂಗಿಲ್ಲ ಅಂತ ಕುಂತೀನಿ, ಒಳಗಿನ ಕೂಸು ಒದಿಯಾಕ ಹತ್ತೈತಿ."