ಮುಚ್ಚಳವನ್ನೂ ಬಿಡದ ಅಕ್ಕ

ನಮ್ಮಕ್ಕನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ನಾನು ಎಸೆದದ್ದನ್ನು ಎಸೆದ ಹಾಗೆ ಇರಲು ಅವಳು ಬಿಡುವುದಿಲ್ಲ. ನನ್ನ ಮನೆಗೆ ಕಾಲಿಟ್ಟವಳೇ ಕಸದ ಬುಟ್ಟಿಯನ್ನು ಹಳೇ ಪೇಪರಿನ ಮೇಲೆ ಸುರಿದು, ಗುಂಡಿ, ದಾರ, ಸವೆದ ಸೋಪು ಎಲ್ಲವನ್ನೂ ಆರಿಸಿ ಒಳಗಿಡುತ್ತಾಳೆ. ಸಾರು ಕೊಟ್ಟ ಪಾತ್ರೆಯ ಮುಚ್ಚಳವನ್ನೂ ಮರೆಯದೆ ಕೇಳಿ ಒಯ್ಯುತ್ತಾಳೆ. ಬಿಟ್ಟರೆ ಸ್ನಾನದ ನೀರನ್ನೂ ಸೋಸಿ ಕೊಡಕ್ಕೆ ತುಂಬುವವಳೇ. ಮೊನ್ನೆ ನನ್ನ ತಪಾಸಣೆಗೆ ಇಬ್ಬರೂ ಹೋದಾಗ, ನಾನು ಡಾಕ್ಟರ ಕಸದ ಬುಟ್ಟಿಗೆ ಎಸೆದ ಖಾಲಿ ಔಷಧದ ಡಬ್ಬಿಯನ್ನು ಬಗ್ಗಿ ತೆಗೆದಳು. "ಮಾನ ಕಳೀಬೇಡ್ವೇ, ಕಸ ಆಯೋಳೇ!" ಎಂದು ರೇಗಿದೆ. ಡಾಕ್ಟರು ನಕ್ಕರು: "ಕಿಡ್ನಿ ಮಾಡೋದೂ ಇದನ್ನೇ ರೀ. ರಕ್ತ ಸೋಸಿ, ಉಪ್ಪು, ಸಕ್ಕರೆ, ಕಸ ಎಲ್ಲಾ ಒಟ್ಟಿಗೆ ಸಣ್ಣ ಕೊಳವೆಗೆ ಸುರಿಯುತ್ತೆ. ಆಮೇಲೆ ಕೊಳವೆಯ ಜೀವಕೋಶಗಳು ತಮ್ಮ ಪೊರೆಯಲ್ಲಿರೋ ಬಾಗಿಲುಗಳಿಂದ ಬೇಕಾದ್ದನ್ನ ಆರಿಸಿ ವಾಪಸ್ ಎಳ್ಕೊಳ್ತವೆ." "ಕೇಳಿಸ್ಕೊಂಡ್ಯೇನೋ?" ಎಂದು ಅಕ್ಕ ಎದ್ದಳು. ಏಳುವಾಗ ಅವಳ ಕೈ ಪಕ್ಕೆಯ ಹೊಲಿಗೆ ಗುರುತಿನ ಮೇಲಿತ್ತು. ನನ್ನ ಹೊಟ್ಟೆಯಲ್ಲಿ ಕೂತು ನನಗಾಗಿ ಆರಿಸುತ್ತಿರುವುದು ಅವಳದೇ ಕಿಡ್ನಿ. ಮುಚ್ಚಳವನ್ನೂ ಬಿಡದವಳು ಅದೊಂದರ ಮಾತು ಯಾವತ್ತೂ ಎತ್ತಿಲ್ಲ. ಮುಚ್ಚಳಗಳನ್ನೆಲ್ಲ ತೊಳೆದು ಹಿಂದಿರುಗಿಸಿದ್ದೇನೆ, ಅದೊಂದು ಹಾಗೇ ಉಳಿದಿದೆ.