ಅಳಿಸಿಹೋದ ಗೀಟು

ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಈಗ ಎರಡು ಮೊದಲನೆಯ ಮಹಡಿಗಳಿವೆ. ನೆಲದಡಿಯ ಪಾರ್ಕಿಂಗಿಗೆ ಒತ್ತುವ ಗುಂಡಿಯ ಮೇಲೆ 'ಮೈನಸ್ ಒಂದು' ಎಂದಿತ್ತು. ಜನರ ಹೆಬ್ಬೆರಳಿಗೆ ಸಿಕ್ಕಿ ಮೈನಸ್ಸಿನ ಗೀಟು ಸವೆದುಹೋಗಿದೆ. ಈ ಬೆಳಿಗ್ಗೆ ಮೊದಲ ಮಹಡಿಯ ಗೆಳೆಯರ ಮನೆಗೆಂದು ಹೊರಟವನು ಸ್ಕೂಟರುಗಳ ನಡುವೆ ಹೋಗಿ ನಿಂತೆ. ಬೈಯಲು ಬಾಯಿ ತೆರೆದವನಿಗೆ ನಗು ಬಂತು. ಗೀಟು ಅಳಿಸುವುದರಲ್ಲಿ ಈ ಕಟ್ಟಡದಲ್ಲಿ ನನ್ನನ್ನು ಮೀರಿಸುವವರಿಲ್ಲ.

ವರ್ಷಗಳ ಹಿಂದಿನ ಮಾತು. ಆಗ ಸಿಕಂದರಾಬಾದಿನ ಒಂದು ನಕ್ಷೆ ಕಚೇರಿಗೆ ಹೊಸದಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕರಾವಳಿಯ ಒಂದು ಕೊಲ್ಲಿಯ ತಳದ ನಕ್ಷೆ ನನ್ನ ಪಾಲಿಗೆ ಬಂತು. ದಂಡೆಯ ಎತ್ತರದ ಅಂಕಿಗಳನ್ನೂ ದೋಣಿಯಲ್ಲಿ ಹೋಗಿ ಅಳೆದು ತಂದ ಆಳದ ಅಂಕಿಗಳನ್ನೂ ಕೂಡಿಸಿ, ಮೀನುದೋಣಿಗಳಿಗೆ ದಾರಿ ಗುರುತಿಸಬೇಕು. ಕಲಬುರಗಿಯಲ್ಲಿ ಬೆಳೆದ ನನಗೆ ಸಮುದ್ರದ ತಳ ಒಪ್ಪಿಸಿದ ಆ ಕಚೇರಿಯ ಧೈರ್ಯಕ್ಕೆ ನೀವೂ ಕೈ ಮುಗಿಯಬೇಕು.

ಆಳದ ಪಟ್ಟಿಯಲ್ಲಿ ಮೂರು, ಐದು, ಎಂಟು ಎಂದು ಅಂಕಿಗಳು ಸುಮ್ಮನೆ ಕೂತಿದ್ದವು. ಒಂದು ಕಡೆ ಮಾತ್ರ ಮೈನಸ್ ಎರಡು. ಆಳಕ್ಕೆ ಎಲ್ಲಾದರೂ ಮೈನಸ್ ಇರುತ್ತದೆಯೇ? ಬರೆದವರ ಕೈತಪ್ಪೆಂದು ಗೀಟು ಅಳಿಸಿದೆ. ನಕ್ಷೆ ಚೆಂದಾಗಿ ನೀಲಿಯಾಯಿತು. ಆ ಖುಷಿಗೆ ಚಹಾದ ಜೊತೆ ಎರಡು ಉಸ್ಮಾನಿಯಾ ಬಿಸ್ಕತ್ತು ಹೆಚ್ಚಿಗೆ ತಿಂದೆ.

ತಿರುಗಿ ಬಂದಾಗ, ಅದೇ ಕೊಲ್ಲಿಯ ದಂಡೆಯಲ್ಲಿ ಹುಟ್ಟಿದ ನನ್ನ ಸಹೋದ್ಯೋಗಿ ಸುಮಿತ್ರಾ ಪರದೆಯ ಮುಂದೆ ನಿಂತಿದ್ದಳು.

"ನಮ್ಮ ಬಂಡೆ ಎಲ್ಲಿ ಹೋಯ್ತು?"

"ಯಾವ ಬಂಡಿರಿ?" ಎಂದೆ. ನನ್ನ ಕಿವಿಗೆ ಬಿದ್ದದ್ದು ಎತ್ತಿನ ಬಂಡಿ.

"ಕಲ್ಲುಬಂಡೆ ಮಾರಾಯ್ರೆ. ನೀರು ಪೂರ್ತಿ ಇಳಿದ ಮಟ್ಟ ಅಂದ್ರೆ ಸೊನ್ನೆ. ಅದಕ್ಕಿಂತ ಮೇಲೆ ತಲೆ ಎತ್ತೋದಕ್ಕೆ ಮಾತ್ರ ಮೈನಸ್. ನೀವು ಅದರ ಮೇಲೇ ದಾರಿ ಎಳೆದಿದ್ದೀರಿ. ಅಲ್ಲಿ ದೋಣಿ ಬಿಡುವ ನನ್ನಪ್ಪನಿಗೆ ಬಂಡೆ ಗೊತ್ತುಂಟು. ಹೊಸಬರು ನಿಮ್ಮ ನಕ್ಷೆ ನಂಬಿ ಬಂದ್ರೆ?"

ನಕ್ಷೆ ಆ ಮಧ್ಯಾಹ್ನವೇ ಹೋಗಬೇಕಿತ್ತು. ಗುಟ್ಟಾಗಿ ತಿದ್ದಬಹುದಿತ್ತು, ಆದರೆ ಬೇರೆ ಅಂಕಿಗಳಲ್ಲಿ ಇನ್ನೇನು ತಪ್ಪಿತ್ತೋ ನನಗೇ ಗೊತ್ತಿರಲಿಲ್ಲ. ಬೀದರಿನವರಾದ ನಮ್ಮ ಸಾಹೇಬರ ಮುಂದೆ ಹೋಗಿ ಒಪ್ಪಿಕೊಂಡೆ.

"ಸಮುದ್ರ ನೋಡೀರೇನ್ರಿ?" ಎಂದರು.

"ಇಲ್ರಿ. ಹುಸೇನ್ ಸಾಗರ ನೋಡೀನ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನೂ ಅಷ್ಟ ನೋಡೀನ್ರಿ. ನಕ್ಷೆ ನಾಳೆ ಹೋಗಲಿ. ಸುಮಿತ್ರಾನ್ನ ಬಾಜೂಕ ಕೂಡಿಸ್ಕೊಂಡು ಒಂದೊಂದ ಅಂಕಿ ನೋಡ್ರಿ."

ಸಂಜೆಯ ಹೊತ್ತಿಗೆ ಬಂಡೆ ನೀರಿನಿಂದ ಎದ್ದಿತು, ದಾರಿ ಪಕ್ಕಕ್ಕೆ ಸರಿಯಿತು. ಮರುವರ್ಷ ಸುಮಿತ್ರಾಳ ಅಪ್ಪ ನನ್ನನ್ನು ದೋಣಿಯಲ್ಲಿ ಕರೆದೊಯ್ದರು. ಬದುಕಿನಲ್ಲಿ ಮೊದಲ ಸಲ ಸಮುದ್ರದ ನಡುವೆ ನಿಂತದ್ದು ನಾನೇ ಅಳಿಸಿದ್ದ ಆ ಬಂಡೆಯ ಮೇಲೆ. ಇಳಿಯಲು ಮನಸ್ಸೇ ಆಗಲಿಲ್ಲ.

ಇವತ್ತು ಲಿಫ್ಟಿನಲ್ಲಿ ಜೇಬಿನ ಪೆನ್ನು ತೆಗೆದು ಆ ಒಂದರ ಎಡಕ್ಕೆ ದಪ್ಪಗೆ ಗೀಟು ಎಳೆದೆ. ಒಳಗೆ ಬಂದ ನೆರೆಮನೆಯ ತೆಲುಗಿನವರು ಏನೆಂದು ಕೇಳಿದರು. "ಇಲ್ಲೊಂದು ಬಂಡೆ ಇತ್ತು" ಎಂದೆ.

ಅವರ ಕಿವಿಗೂ ಬಿದ್ದದ್ದು ಬಂಡಿ; ತೆಲುಗಿನಲ್ಲಿ ಬಂಡಿ ಎಂದರೆ ಸ್ಕೂಟರೂ ಹೌದು. ಅವರು ನನ್ನ ಕೈ ಹಿಡಿದು ಸಮಾಧಾನ ಹೇಳಿದರು: "ಭಯಪಡಕಂಡಿ, ಬಂಡ್ಲನ್ನೀ ಕಿಂದನೇ ಉನ್ನಾಯಿ." ಹೆದರಬೇಡಿ, ಬಂಡಿಗಳೆಲ್ಲ ಕೆಳಗೇ ಇವೆ. ನಾನು ತಿದ್ದಲು ಹೋಗಲಿಲ್ಲ. ಗೀಟನ್ನು ಇನ್ನೊಮ್ಮೆ ದಪ್ಪ ಮಾಡಿದೆ.